ಉಮ್ಮನ್ ಚಾಂಡಿ

ಉಮ್ಮನ್ ಚಾಂಡಿ (31 ಅಕ್ಟೋಬರ್ 1943 – 18 ಜುಲೈ 2023): ಕೇರಳದ ಕಾಂಗ್ರೆಸ್ ನಾಯಕ, ಎರಡು ಬಾರಿ ಮುಖ್ಯಮಂತ್ರಿ, ಆ ರಾಜ್ಯದ ವಿಧಾನಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಶಾಸಕರಾಗಿದ್ದವರು. ಕೋಟ್ಟಯಂ ಜಿಲ್ಲೆಯ ಪುದುಪ್ಪಳ್ಳಿ ಕ್ಷೇತ್ರದಿಂದ 1970ರಲ್ಲಿ ಮೊದಲ ಸಲ ಗೆದ್ದ ಅವರು 2021ರವರೆಗೆ ಸತತ 12 ಚುನಾವಣೆಗಳಲ್ಲಿ ಅಲ್ಲಿಂದಲೇ ಆರಿಸಿಬಂದರು. ಒಮ್ಮೆಯೂ ಕ್ಷೇತ್ರ ಬದಲಿಸಲಿಲ್ಲ, ಒಮ್ಮೆಯೂ ಸೋಲಲಿಲ್ಲ. ಕಾರ್ಮಿಕ, ಗೃಹ ಮತ್ತು ಹಣಕಾಸು ಸಚಿವರಾಗಿ, ವಿರೋಧ ಪಕ್ಷದ ನಾಯಕರಾಗಿ, ಐಕ್ಯ ಪ್ರಜಾಸತ್ತಾತ್ಮಕ ರಂಗದ (ಯುಡಿಎಫ್) ಸಂಚಾಲಕರಾಗಿ ದುಡಿದರು. ಈ ಎಲ್ಲ ಹುದ್ದೆಗಳ ನಡುವೆಯೂ ಭಾನುವಾರ ಊರಿಗೆ ಹೋಗಿ ಜನರ ಅಹವಾಲು ಕೇಳುವ ರೂಢಿಯನ್ನು ಬಿಡಲಿಲ್ಲ. ಅವರ ರಾಜಕಾರಣದ ಬಲ ಆ ರೂಢಿಯಲ್ಲಿತ್ತು. ಅವರ ಆಡಳಿತದ ಮಿತಿಯನ್ನೂ ಅಲ್ಲಿಯೇ ಹುಡುಕಬೇಕು.

ಹುಟ್ಟು ಮತ್ತು ಮನೆತನ

ಪುದುಪ್ಪಳ್ಳಿಯ ಕರೋಟ್ಟು ವಳ್ಳಕ್ಕಾಲಿಲ್ ಮನೆತನದ ಕೆ.ಒ. ಚಾಂಡಿ ಮತ್ತು ಬೇಬಿ ಚಾಂಡಿ ಅವರ ಮಗನಾಗಿ ಉಮ್ಮನ್ ಚಾಂಡಿ ಹುಟ್ಟಿದರು. ಮನೆಯವರೂ ಊರಿನವರೂ ಕರೆಯುತ್ತಿದ್ದದ್ದು ಕುಞ್ಞೂಞ್ಞು ಎಂದು. ಮುಖ್ಯಮಂತ್ರಿಯಾದ ಮೇಲೂ ಪುದುಪ್ಪಳ್ಳಿಯ ಹಿರಿಯರ ಬಾಯಲ್ಲಿ ಅದೇ ಹೆಸರು ಉಳಿಯಿತು. ಸಿರಿಯನ್ ಕ್ರೈಸ್ತರಲ್ಲಿ ಮಗನ ಹೆಸರಿನ ಮುಂದೆ ತಂದೆಯ ಹೆಸರು ಸೇರುತ್ತದೆ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಚಾಂಡಿಯವರ ಮಗ ಉಮ್ಮನ್ ಚಾಂಡಿಯಾದರು, ಉಮ್ಮನ್ ಅವರ ಮಗ ಚಾಂಡಿ ಉಮ್ಮನ್ ಆದರು. ಕನ್ನಡದ ಪತ್ರಿಕೆಗಳಲ್ಲಿ ಈ ಎರಡು ಹೆಸರುಗಳನ್ನು ನೋಡಿ ಗೊಂದಲಗೊಳ್ಳುವವರಿಗೆ ಈ ಪದ್ಧತಿ ತಿಳಿದಿದ್ದರೆ ಸಾಕು.

ಊರಿನ ಸೇಂಟ್ ಜಾರ್ಜ್ ಶಾಲೆ, ಕೋಟ್ಟಯಂನ ಸಿಎಂಎಸ್ ಕಾಲೇಜು, ಚಂಗನಾಶ್ಶೇರಿಯ ಎಸ್‌ಬಿ ಕಾಲೇಜು, ಎರ್ನಾಕುಳಂನ ಕಾನೂನು ಕಾಲೇಜು ಅವರ ವಿದ್ಯಾಭ್ಯಾಸದ ನೆಲೆಗಳು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಕಾನೂನು ಓದಿದರು. ಮಲಂಕರ ಆರ್ಥೊಡಾಕ್ಸ್ ಸಭೆಗೆ ಸೇರಿದ ಅವರಿಗೆ ಪುದುಪ್ಪಳ್ಳಿಯ ಸೇಂಟ್ ಜಾರ್ಜ್ ಚರ್ಚಿನ ಮೇಲೆ ಅಪಾರ ಭಕ್ತಿಯಿತ್ತು. ಪತ್ನಿ ಮರಿಯಮ್ಮ. ದಂಪತಿಗೆ ಮೂವರು ಮಕ್ಕಳು.

ವಿದ್ಯಾರ್ಥಿ ಚಳವಳಿಯ ಗರಡಿ

1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಬಂದ ವರ್ಷವೇ ಕೇರಳ ವಿದ್ಯಾರ್ಥಿ ಸಂಘ (ಕೆಎಸ್‌ಯು) ಆಲಪ್ಪುಳದಲ್ಲಿ ಹುಟ್ಟಿತು. ಮರುವರ್ಷ ಕುಟ್ಟನಾಡಿನ ಹಿನ್ನೀರಿನಲ್ಲಿ ದೋಣಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಪ್ರಯಾಣ ದರವನ್ನು ಸರ್ಕಾರ ಏರಿಸಿದಾಗ ಆ ಸಂಘ ಹೂಡಿದ ಹೋರಾಟ 'ಒಂದು ಆಣೆ ಚಳವಳಿ' ಎಂದು ಹೆಸರಾಯಿತು. ಇಡೀ ರಾಜ್ಯದ ಶಾಲೆಗಳಿಗೆ ಹಬ್ಬಿದ ಆ ಚಳವಳಿ ಒಂದು ಪೀಳಿಗೆಯ ಕಾಂಗ್ರೆಸ್ ನಾಯಕರನ್ನು ತಯಾರಿಸಿತು. ವಯಲಾರ್ ರವಿ, ಎ.ಕೆ. ಆಂಟನಿ, ಉಮ್ಮನ್ ಚಾಂಡಿ ಆ ಗರಡಿಯಲ್ಲಿ ಪಳಗಿದವರು.

ಆಂಟನಿಯವರ ನಂತರ 1967ರಲ್ಲಿ ಚಾಂಡಿ ಕೆಎಸ್‌ಯುವಿನ ರಾಜ್ಯಾಧ್ಯಕ್ಷರಾದರು. ಆ ವರ್ಷದ ಚುನಾವಣೆಯಲ್ಲಿ ಕೇರಳದ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಕೇವಲ 9 ಸ್ಥಾನ. ಪಕ್ಷ ನೆಲಕಚ್ಚಿದ್ದಾಗ ಅದನ್ನು ಕಾಲೇಜು ಅಂಗಳಗಳಲ್ಲಿ ಹಿಡಿದು ನಿಲ್ಲಿಸಿದ್ದು ಈ ಹುಡುಗರ ಸಂಘ. ಅಕ್ಕಿಯ ಅಭಾವ ತೀವ್ರವಾಗಿದ್ದ ಆ ದಿನಗಳಲ್ಲಿ 'ಓಣಂಗೆ ಒಂದು ಪರ ಭತ್ತ' ಎಂಬ ಕರೆ ಕೊಟ್ಟು, ವಿದ್ಯಾರ್ಥಿಗಳೇ ಮನೆಯಂಗಳದಲ್ಲಿ ಭತ್ತ ಬೆಳೆಯುವಂತೆ ಮಾಡಿದ ಕಾರ್ಯಕ್ರಮ ಚಾಂಡಿಯವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಪರ ಎಂಬುದು ಕೇರಳದಲ್ಲಿ ಭತ್ತ ಅಳೆಯುವ ಕೊಳಗ. 1970ರಲ್ಲಿ ಅವರು ಯುವ ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷರಾದರು.

ಪುದುಪ್ಪಳ್ಳಿಯ ಶಾಸಕ

1970ರ ಸೆಪ್ಟೆಂಬರ್ ಚುನಾವಣೆಯಲ್ಲಿ 26 ವರ್ಷದ ಚಾಂಡಿ ಪುದುಪ್ಪಳ್ಳಿಯಲ್ಲಿ ನಿಂತಾಗ ಅದು ಕಾಂಗ್ರೆಸ್ಸಿಗೆ ಗೆಲ್ಲುವ ಸ್ಥಾನವಾಗಿರಲಿಲ್ಲ. ಸಿಪಿಎಂನ ಇ.ಎಂ. ಜಾರ್ಜ್ ಅಲ್ಲಿಯ ಹಾಲಿ ಶಾಸಕರು. ಕಾಂಗ್ರೆಸ್ ಎರಡು ಹೋಳಾಗಿತ್ತು. ರಬ್ಬರ್ ಬೆಳೆಗಾರರ ನಡುವೆ ಕೇರಳ ಕಾಂಗ್ರೆಸ್ ಎಂಬ ಪ್ರತ್ಯೇಕ ಪಕ್ಷದ ಪ್ರಭಾವ ಬೇರೆ. ಆದರೂ ಚಾಂಡಿ 7,288 ಮತಗಳ ಅಂತರದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಚೇರ್ತಲದಿಂದ ಆಂಟನಿಯವರೂ ಮೊದಲ ಸಲ ವಿಧಾನಸಭೆಗೆ ಬಂದರು.

ಪುದುಪ್ಪಳ್ಳಿ, ಪಾಂಬಾಡಿ, ಮಣರ್ಕಾಡ್, ಅಯರ್ಕುನ್ನಂ, ಅಗಲಕುನ್ನಂ, ಕೂರೋಪ್ಪಡ, ಮೀನಡಂ, ವಾಗತ್ತಾನಂ ಎಂಬ ಎಂಟು ಪಂಚಾಯಿತಿಗಳ ಕ್ಷೇತ್ರವಿದು. ಕೋಟ್ಟಯಂ ಪಟ್ಟಣದ ಮಗ್ಗುಲಲ್ಲಿದೆ. ರಬ್ಬರ್ ತೋಟ, ಚರ್ಚು, ದೇವಸ್ಥಾನ, ಸಣ್ಣ ಸಣ್ಣ ಪೇಟೆ, ಮನೆಗೊಬ್ಬರಂತೆ ಹೊರನಾಡಿಗೆ ದುಡಿಯಲು ಹೋದವರು. ಇಂಥ ಸೀಮೆಯಲ್ಲಿ ಶಾಸಕನ ಕೆಲಸವೆಂದರೆ ಬರೀ ರಸ್ತೆ, ಸೇತುವೆ ಅಲ್ಲ. ವಿದೇಶದಲ್ಲಿ ಸಿಕ್ಕಿಬಿದ್ದ ಮಗನನ್ನು ಕರೆಸುವುದು, ಆಸ್ಪತ್ರೆಯ ಬಿಲ್ಲಿಗೆ ನೆರವು ಕೊಡಿಸುವುದು, ಕಾಲೇಜಿನಲ್ಲಿ ಒಂದು ಸೀಟು, ಬ್ಯಾಂಕಿನಲ್ಲಿ ಸಾಲಕ್ಕೆ ಒಂದು ಮಾತು, ಮದುವೆಗೂ ಸಾವಿಗೂ ಬಂದು ಹೋಗುವುದು. ಚಾಂಡಿ ಇದನ್ನೆಲ್ಲ ಕಚೇರಿಯ ವೇಳೆ ನೋಡದೆ ಮಾಡಿದರು.

ವಾರವಿಡೀ ತಿರುವನಂತಪುರದಲ್ಲಿದ್ದರೂ ಶನಿವಾರ ರಾತ್ರಿ ಹೊರಟು ಭಾನುವಾರ ಬೆಳಗ್ಗೆ ಊರಿನ ಮನೆಯಲ್ಲಿರುವುದು ಅವರ ಪದ್ಧತಿ. ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಜನ ಸೇರುತ್ತಿದ್ದರು. ಅರ್ಜಿಯನ್ನು ನಿಂತಲ್ಲೇ ಓದಿ, ಅದರ ಮೇಲೆಯೇ ಷರಾ ಬರೆದು, ಸಹಾಯಕನ ಫೋನಿನಿಂದ ಅಧಿಕಾರಿಗೆ ಕರೆ ಮಾಡುತ್ತಿದ್ದರು. ತಮ್ಮದೆಂದು ಒಂದು ಮೊಬೈಲ್ ಫೋನನ್ನು ಅವರು ಇಟ್ಟುಕೊಳ್ಳಲಿಲ್ಲ. ಬಾಚದ ತಲೆ, ಇಸ್ತ್ರಿ ಕಾಣದ ಖಾದಿ ಅಂಗಿ, ಸುತ್ತ ಸದಾ ಜನಜಂಗುಳಿ. ಕೇರಳದ ವ್ಯಂಗ್ಯಚಿತ್ರಕಾರರಿಗೆ ಈ ಮೂರು ಗೆರೆಗಳಲ್ಲಿ ಅವರು ಸಿಕ್ಕಿಬಿಡುತ್ತಿದ್ದರು. ರಾಜಧಾನಿಯ ಜಗತಿಯಲ್ಲಿ ಕಟ್ಟಿಸಿದ ಮನೆಗೂ ಅವರಿಟ್ಟ ಹೆಸರು 'ಪುದುಪ್ಪಳ್ಳಿ'.

ಮತಗಳ ಅಂತರ ಏರುತ್ತಲೂ ಇಳಿಯುತ್ತಲೂ ಸಾಗಿತು. 2011ರಲ್ಲಿ 33,255ಕ್ಕೆ ಏರಿತು, 2016ರಲ್ಲಿ 27,092 ಆಯಿತು. 2021ರಲ್ಲಿ ಎಡರಂಗದ ಅಲೆ ಮತ್ತು ಚರ್ಚಿನೊಳಗಿನ ಬಣಗಳ ಜಗಳ ಸೇರಿ 9,044ಕ್ಕೆ ಇಳಿಯಿತು. ಆ ಚುನಾವಣೆಗೆ ಮುಂಚೆ, ಬಿಜೆಪಿ ಗೆದ್ದಿದ್ದ ತಿರುವನಂತಪುರದ ನೇಮಂ ಕ್ಷೇತ್ರದಲ್ಲಿ ಅವರನ್ನು ನಿಲ್ಲಿಸಬೇಕೆಂಬ ಮಾತು ಪಕ್ಷದಲ್ಲಿ ಎದ್ದಿತ್ತು. ಸುದ್ದಿ ತಿಳಿದ ಊರಿನವರು ಮನೆಯ ಮುಂದೆ ಜಮಾಯಿಸಿದರು. ಒಬ್ಬ ಕಾರ್ಯಕರ್ತ ಮಾಡಿನ ಮೇಲೆ ಹತ್ತಿ ಕೂತು, ಬೇರೆಡೆ ಹೋದರೆ ಜೀವ ಬಿಡುವೆನೆಂದು ಹಟ ಹಿಡಿದ. ಚಾಂಡಿ ಪುದುಪ್ಪಳ್ಳಿಯಲ್ಲೇ ಉಳಿದರು.

ಬಣ ರಾಜಕಾರಣ ಮತ್ತು ಚಿಕ್ಕಮಗಳೂರು

ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ದೇಶದ ಉತ್ತರ ಭಾಗದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕೇರಳದಲ್ಲಿ ಅದರ ಮೈತ್ರಿಕೂಟ ಭಾರಿ ಬಹುಮತ ಪಡೆಯಿತು. ಕೆ. ಕರುಣಾಕರನ್ ಅವರ ಅಲ್ಪಾವಧಿಯ ಸಂಪುಟದಲ್ಲಿ, ಅದರ ಬೆನ್ನಿಗೇ ಬಂದ ಆಂಟನಿಯವರ ಸಂಪುಟದಲ್ಲಿ ಚಾಂಡಿ ಕಾರ್ಮಿಕ ಸಚಿವರಾದರು. ವಯಸ್ಸು ಆಗ 33.

ಆ ಸಂಪುಟ ಮುರಿದುಬಿದ್ದ ಕಾರಣ ಕರ್ನಾಟಕದಲ್ಲಿತ್ತು. 1978ರಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ನಿಂತಾಗ, ಅವರಿಂದ ಬೇರೆಯಾಗಿದ್ದ ಕಾಂಗ್ರೆಸ್ಸಿನ ನಾಯಕತ್ವ ಅವರನ್ನು ಬೆಂಬಲಿಸಲು ನಿರ್ಧರಿಸಿತು. ಇದನ್ನು ಒಪ್ಪದ ಆಂಟನಿ ಅಕ್ಟೋಬರ್ 27ರಂದು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಚಾಂಡಿ ಗೆಳೆಯನ ಜೊತೆ ಹೊರಬಂದರು. ಮುಂದೆ ಆ ಕಾಂಗ್ರೆಸ್ ದೇವರಾಜ ಅರಸು ಅವರ ಹೆಸರಿನಿಂದ ಕಾಂಗ್ರೆಸ್ (ಯು) ಆಯಿತು. ಕೇರಳದ ಆಂಟನಿ ಬಣ ಅದರಲ್ಲೇ ಇದ್ದು 1980ರಲ್ಲಿ ಎಡರಂಗದೊಂದಿಗೆ ಸೇರಿ ಚುನಾವಣೆ ಎದುರಿಸಿತು, ಇ.ಕೆ. ನಾಯನಾರ್ ಸರ್ಕಾರಕ್ಕೆ ಬಲವಾಯಿತು. ಜೀವನವಿಡೀ ಸಿಪಿಎಂ ವಿರುದ್ಧ ಹೋರಾಡಿದ ಚಾಂಡಿ ಆ ಒಂದು ಅವಧಿಯಲ್ಲಿ ಆಳುವ ಎಡರಂಗದ ಸಾಲಿನಲ್ಲಿ ಕೂತಿದ್ದರು. 1981ರ ಅಕ್ಟೋಬರ್‌ನಲ್ಲಿ ಬಣ ಬೆಂಬಲ ಹಿಂತೆಗೆದುಕೊಂಡಿತು, ನಾಯನಾರ್ ಸರ್ಕಾರ ಬಿತ್ತು.

1981ರ ಡಿಸೆಂಬರ್ 28ರಂದು ಬಂದ ಕರುಣಾಕರನ್ ಸರ್ಕಾರದಲ್ಲಿ ಚಾಂಡಿ ಗೃಹ ಸಚಿವರು. ಸಭಾಧ್ಯಕ್ಷ ಎ.ಸಿ. ಜೋಸ್ ಅವರ ನಿರ್ಣಾಯಕ ಮತವನ್ನೇ ನೆಚ್ಚಿ ಉಸಿರಾಡುತ್ತಿದ್ದ ಆ ಸರ್ಕಾರ, ಒಬ್ಬ ಶಾಸಕ ಕೈಬಿಟ್ಟೊಡನೆ 1982ರ ಮಾರ್ಚ್‌ನಲ್ಲಿ ಉರುಳಿತು. ಒಂದು ಮತದ ಬೆಲೆ ಎಷ್ಟೆಂದು ಆಗ ಕಲಿತ ಪಾಠ ಅವರಿಗೆ ಮೂವತ್ತು ವರ್ಷಗಳ ನಂತರ ಕೆಲಸಕ್ಕೆ ಬಂತು. 1982ರಲ್ಲಿ ಎರಡೂ ಕಾಂಗ್ರೆಸ್ ಬಣಗಳು ಒಂದಾದವು. ಆದರೆ ಕರುಣಾಕರನ್ ಅವರ 'ಐ' ಬಣ, ಆಂಟನಿಯವರ 'ಎ' ಬಣ ಎಂಬ ಗೆರೆ ಅಳಿಯಲಿಲ್ಲ. ಆಂಟನಿ ದೆಹಲಿಗೂ ಕೇರಳಕ್ಕೂ ಓಡಾಡುತ್ತಿದ್ದ ಕಾಲದಲ್ಲಿ 'ಎ' ಬಣವನ್ನು ಊರೂರಲ್ಲಿ ಕಾಪಾಡಿದವರು ಚಾಂಡಿ.

1991ರ ಕರುಣಾಕರನ್ ಸಂಪುಟದಲ್ಲಿ ಅವರಿಗೆ ಹಣಕಾಸು ಖಾತೆ ಸಿಕ್ಕಿತು. ದಲಿತ ನಾಯಕ ಎಂ.ಎ. ಕುಟ್ಟಪ್ಪನ್ ಅವರಿಗೆ ರಾಜ್ಯಸಭಾ ಟಿಕೆಟ್ ತಪ್ಪಿದ್ದನ್ನು ಪ್ರತಿಭಟಿಸಿ 1994ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಇಸ್ರೊ ಬೇಹುಗಾರಿಕೆ ಆರೋಪದ ಗದ್ದಲದಲ್ಲಿ ಕರುಣಾಕರನ್ ಅಧಿಕಾರ ಕಳೆದುಕೊಂಡರು. ಅವರನ್ನು ಇಳಿಸಲು ಪಟ್ಟುಹಿಡಿದವರಲ್ಲಿ 'ಎ' ಬಣ ಮುಂಚೂಣಿಯಲ್ಲಿತ್ತು. ಆ ಬೇಹುಗಾರಿಕೆ ಪ್ರಕರಣವೇ ಸುಳ್ಳೆಂದು ಸಿಬಿಐ 1996ರಲ್ಲಿ ಹೇಳಿತು. ಚಾಂಡಿಯವರ ಬಾಳಿನಲ್ಲಿ ಬಣದ ಜಗಳ ನ್ಯಾಯದ ಎಲ್ಲೆ ಮೀರಿದ ಘಟ್ಟ ಇದು.

ಮೊದಲ ಅವಧಿ: 2004–2006

2004ರ ಲೋಕಸಭಾ ಚುನಾವಣೆಯಲ್ಲಿ ಕೇರಳದ ಕಾಂಗ್ರೆಸ್ಸಿಗೆ ಒಂದೂ ಸ್ಥಾನ ದಕ್ಕಲಿಲ್ಲ. ಮುಖ್ಯಮಂತ್ರಿ ಆಂಟನಿ ರಾಜೀನಾಮೆ ಕೊಟ್ಟರು. ಆಗಸ್ಟ್ 31ರಂದು ಚಾಂಡಿ ಪ್ರಮಾಣವಚನ ಸ್ವೀಕರಿಸಿದರು. 'ಅತಿವೇಗಂ, ಬಹುದೂರಂ' ಎಂಬುದು ಆ ಸರ್ಕಾರದ ಘೋಷವಾಕ್ಯ. ಕೈಯಲ್ಲಿದ್ದ ಇಪ್ಪತ್ತು ತಿಂಗಳಲ್ಲಿ ಕೊಚ್ಚಿಯ ಸ್ಮಾರ್ಟ್ ಸಿಟಿ ಯೋಜನೆಗೆ ದುಬೈ ಸಂಸ್ಥೆಯೊಡನೆ ಮಾತುಕತೆ ನಡೆಸಿದರು, ಜಿಲ್ಲೆ ಜಿಲ್ಲೆಗೆ ಹೋಗಿ ಜನಸಂಪರ್ಕ ಸಭೆ ಆರಂಭಿಸಿದರು. 2006ರ ಜನವರಿಯಲ್ಲಿ ದಾವೋಸ್‌ನ ಆರ್ಥಿಕ ಸಮಾವೇಶಕ್ಕೆ ಹೋದವರು ಹಿಮದ ಮೇಲೆ ಜಾರಿ ಬಿದ್ದು ಮೂಳೆ ಮುರಿದುಕೊಂಡರು. ಆ ವರ್ಷದ ಚುನಾವಣೆಯಲ್ಲಿ ಎಡರಂಗ 98 ಸ್ಥಾನ ಗೆದ್ದಿತು. ವಿ.ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿಯಾದರು, ಚಾಂಡಿ ಐದು ವರ್ಷ ವಿರೋಧ ಪಕ್ಷದ ನಾಯಕರಾಗಿ ಅವರೆದುರು ಕೂತರು.

ಎರಡನೆಯ ಅವಧಿ: 2011–2016

2011ರ ಚುನಾವಣೆಯ ಫಲಿತಾಂಶ ಕೂದಲೆಳೆಯದ್ದು. 140 ಸ್ಥಾನಗಳ ಸಭೆಯಲ್ಲಿ ಯುಡಿಎಫ್‌ಗೆ 72, ಎಡರಂಗಕ್ಕೆ 68. ಸರಳ ಬಹುಮತಕ್ಕೆ ಬೇಕಾದದ್ದು 71. ಮುಸ್ಲಿಂ ಲೀಗ್, ಕೆ.ಎಂ. ಮಾಣಿಯವರ ಕೇರಳ ಕಾಂಗ್ರೆಸ್, ಇನ್ನಷ್ಟು ಚಿಕ್ಕ ಪಕ್ಷಗಳ ಈ ಕೂಟ ವರ್ಷವೂ ಬಾಳದೆಂದು ಹಲವರು ಎಣಿಸಿದ್ದರು. ಚಾಂಡಿ ಐದು ವರ್ಷವನ್ನೂ ಪೂರೈಸಿದರು. ಪಿರವಂ, ನೆಯ್ಯಾಟ್ಟಿಂಗರ, ಅರುವಿಕ್ಕರ ಕ್ಷೇತ್ರಗಳ ಉಪಚುನಾವಣೆಗಳನ್ನೆಲ್ಲ ಅವರ ರಂಗವೇ ಗೆದ್ದಿತು. ಕೋಪಿಸಿಕೊಂಡವರನ್ನು ಕೂರಿಸಿ ಮಾತಾಡಿಸುವ, ಯಾರ ಮಾತಿಗೂ ಮುಖ ಕೆಡಿಸಿಕೊಳ್ಳದ ಸ್ವಭಾವ ಇದಕ್ಕೆ ಕಾರಣ. 2011ರ ಜುಲೈ 1ರಿಂದ ಮುಖ್ಯಮಂತ್ರಿಯ ಕಚೇರಿಯೊಳಗೆ ನಡೆಯುವುದನ್ನು ಅಂತರ್ಜಾಲದಲ್ಲಿ ಹಗಲು ರಾತ್ರಿ ನೇರವಾಗಿ ತೋರಿಸುವ ವ್ಯವಸ್ಥೆಯನ್ನೂ ಮಾಡಿದರು.

ಅಭಿವೃದ್ಧಿಯೂ ಕಾಳಜಿಯೂ ಎಂಬ ಅರ್ಥದ 'ವಿಕಸನವುಂ ಕರುದಲುಂ' ಈ ಅವಧಿಯ ಘೋಷಣೆ. ಅಭಿವೃದ್ಧಿಯ ಪಾಲಿನಲ್ಲಿ ಮೂರು ದೊಡ್ಡ ಕಾಮಗಾರಿಗಳಿವೆ. ಕೊಚ್ಚಿ ಮೆಟ್ರೊಗೆ 2012ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು. ಕಣ್ಣೂರು ವಿಮಾನ ನಿಲ್ದಾಣದಲ್ಲಿ 2016ರ ಫೆಬ್ರುವರಿ 29ರಂದು ಪರೀಕ್ಷಾರ್ಥ ವಿಮಾನ ಇಳಿಯಿತು. ದಶಕಗಳ ಕನಸಾಗಿದ್ದ ವಿಳಿಂಞಂ ಬಂದರಿಗೆ 2015ರ ಆಗಸ್ಟ್ 17ರಂದು ಅದಾನಿ ಸಮೂಹದೊಡನೆ ಒಪ್ಪಂದವಾಯಿತು. ಮೂರರ ಉದ್ಘಾಟನೆಯೂ ಅವರ ಸರ್ಕಾರ ಹೋದ ಮೇಲೆಯೇ ನಡೆಯಿತು. ಮೆಟ್ರೊ 2017ರಲ್ಲಿ, ವಿಮಾನ ನಿಲ್ದಾಣ 2018ರಲ್ಲಿ ತೆರೆದವು. ವಿಳಿಂಞಂಗೆ ಮೊದಲ ದೊಡ್ಡ ಕಂಟೇನರ್ ಹಡಗು 2024ರ ಜುಲೈನಲ್ಲಿ ಬಂದಾಗ ಅವರು ತೀರಿಕೊಂಡು ಒಂದು ವರ್ಷವಾಗುತ್ತಿತ್ತು.

ಕಾಳಜಿಯ ಪಾಲು ಸದ್ದಿಲ್ಲದ್ದು, ಆದರೆ ಜನ ಹೆಚ್ಚು ನೆನೆಯುವುದು ಅದನ್ನೇ. ಕಾರುಣ್ಯ ಲಾಟರಿಯ ಆದಾಯದಿಂದ ಬಡ ರೋಗಿಗಳ ಚಿಕಿತ್ಸೆಗೆ ನಿಧಿ ಏರ್ಪಟ್ಟಿತು. ಹುಟ್ಟು ಕಿವುಡು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿ ಕಾಕ್ಲಿಯರ್ ಸಾಧನ ಅಳವಡಿಸುವ 'ಶ್ರುತಿತರಂಗಂ', ಮಿದುಳು ನಿಷ್ಕ್ರಿಯಗೊಂಡವರ ಅಂಗದಾನಕ್ಕೆ 'ಮೃತಸಂಜೀವನಿ' 2012ರಲ್ಲಿ ಬಂದವು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಉಗ್ರರ ಕೈಗೆ ಸಿಕ್ಕಿದ್ದ 46 ದಾದಿಯರನ್ನು ಬಿಡಿಸಲು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಬೆನ್ನುಹತ್ತಿ ದೆಹಲಿಯಲ್ಲೇ ಬೀಡುಬಿಟ್ಟರು. ಜುಲೈ 5ರಂದು ದಾದಿಯರು ಕೊಚ್ಚಿಯಲ್ಲಿ ಇಳಿದರು. ಬೇರೆ ಬೇರೆ ಪಕ್ಷದ ಇಬ್ಬರು ರಾಜಕಾರಣಿಗಳು ಹಗೆ ಮರೆತು ದುಡಿದ ಪ್ರಸಂಗವೆಂದು ಕೇರಳ ಅದನ್ನು ಇಂದಿಗೂ ಹೇಳಿಕೊಳ್ಳುತ್ತದೆ.

ಕಾಸರಗೋಡಿನ ಕನ್ನಡಿಗರಿಗೆ ಈ ಅವಧಿಯ ಎರಡು ನಿರ್ಧಾರಗಳು ಹತ್ತಿರದವು. ಜಿಲ್ಲೆಗೆ ವೈದ್ಯಕೀಯ ಕಾಲೇಜು ಮಂಜೂರಾಗಿ, ಬದಿಯಡ್ಕ ಪಂಚಾಯಿತಿಯ ಉಕ್ಕಿನಡ್ಕದಲ್ಲಿ 2013ರ ನವೆಂಬರ್ 30ರಂದು ಚಾಂಡಿಯವರೇ ಅಡಿಗಲ್ಲು ಹಾಕಿದರು. ಎಂಡೋಸಲ್ಫಾನ್ ಪೀಡಿತರು ಮಂಗಳೂರಿನ ಆಸ್ಪತ್ರೆಗಳಿಗೆ ಅಲೆಯುತ್ತಿದ್ದ ಸೀಮೆಗೆ ಇದು ದೊಡ್ಡ ಆಸೆ ಹುಟ್ಟಿಸಿತು. ಆದರೆ ಕಟ್ಟಡ ಕಾಮಗಾರಿ ವರ್ಷಗಟ್ಟಲೆ ಕುಂಟಿತು. 2014ರಲ್ಲಿ ಹೊಸ ತಾಲೂಕುಗಳು ಅಸ್ತಿತ್ವಕ್ಕೆ ಬಂದಾಗ ಮಂಜೇಶ್ವರವೂ ತಾಲೂಕಾಯಿತು. ಕಂದಾಯದ ಕೆಲಸಕ್ಕೆ ಕಾಸರಗೋಡು ಪಟ್ಟಣಕ್ಕೆ ಹೋಗುತ್ತಿದ್ದ ಗಡಿಯ ಕನ್ನಡ, ತುಳು ಮಾತಿನ ಜನಕ್ಕೆ ಕಚೇರಿ ಉಪ್ಪಳದಲ್ಲೇ ಸಿಕ್ಕಿತು.

ಜನಸಂಪರ್ಕ

ಕರ್ನಾಟಕದ ಓದುಗರಿಗೆ 'ಜನತಾ ದರ್ಶನ' ಪರಿಚಿತ. ಚಾಂಡಿಯವರ 'ಜನಸಂಪರ್ಕ ಪರಿಪಾಡಿ' ಅದಕ್ಕಿಂತ ಬಹಳ ವಿಸ್ತಾರದ್ದು. ಮುಖ್ಯಮಂತ್ರಿ ಒಂದೊಂದು ಜಿಲ್ಲೆಗೂ ಹೋಗಿ, ಮೈದಾನದಲ್ಲಿ ಚಪ್ಪರ ಹಾಕಿಸಿ, ಎಲ್ಲ ಇಲಾಖೆಯ ಅಧಿಕಾರಿಗಳನ್ನೂ ಕರೆಸಿ ಕೂರುತ್ತಿದ್ದರು. ಅರ್ಜಿಗಳನ್ನು ಮೊದಲೇ ತರಿಸಿ, ಇಲಾಖೆಗಳಲ್ಲಿ ಇತ್ಯರ್ಥವಾಗುವುದನ್ನು ಮುಗಿಸಿ, ನಿಯಮ ಅಡ್ಡಬಂದದ್ದನ್ನು ಮುಖ್ಯಮಂತ್ರಿಯ ಮುಂದೆ ತರುವುದು ವ್ಯವಸ್ಥೆ. ಹಾಸಿಗೆ ಹಿಡಿದವರು ಆಂಬುಲೆನ್ಸಿನಲ್ಲಿ ಬರುತ್ತಿದ್ದರು. ಚಾಂಡಿ ಅವರ ಬಳಿಗೆ ಹೋಗಿ ಬಗ್ಗಿ ಮಾತಾಡಿಸಿ, ಅಲ್ಲೇ ಹಣ ಮಂಜೂರು ಮಾಡುತ್ತಿದ್ದರು. ಬೆಳಗ್ಗೆ ಕೂತವರು ನಡುರಾತ್ರಿ ಕಳೆದರೂ ಏಳುತ್ತಿರಲಿಲ್ಲ. ಊಟ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. 2011, 2013 ಮತ್ತು 2015ರಲ್ಲಿ ಮೂರು ಸುತ್ತು ನಡೆದ ಈ ಸಭೆಗಳಿಗೆ ಲಕ್ಷಾಂತರ ಅರ್ಜಿಗಳು ಬಂದವು.

ವಿಶ್ವಸಂಸ್ಥೆ ಇದಕ್ಕೆ 2013ರ ಸಾರ್ವಜನಿಕ ಸೇವಾ ಪ್ರಶಸ್ತಿ ಕೊಟ್ಟಿತು. ಜೂನ್ 27ರಂದು ಬಹರೇನಿನ ಮನಾಮದಲ್ಲಿ ಚಾಂಡಿ ಅದನ್ನು ಸ್ವೀಕರಿಸಿದರು.

ಟೀಕೆಯೂ ಬಲವಾಗಿತ್ತು. ಗ್ರಾಮಾಧಿಕಾರಿ ಮಾಡಬೇಕಾದ ಕೆಲಸವನ್ನು ಮುಖ್ಯಮಂತ್ರಿ ಮಾಡುತ್ತಿದ್ದಾರೆ ಎಂದು ಎಡಪಕ್ಷಗಳು ಹೇಳಿದವು. ಆ ಮಾತಿನಲ್ಲಿ ತಿರುಳಿದೆ. ಪಡಿತರ ಚೀಟಿಗಾಗಿ ಅಥವಾ ಪಿಂಚಣಿಗಾಗಿ ಒಬ್ಬ ಮುದುಕಿ ಮುಖ್ಯಮಂತ್ರಿಯ ಎದುರು ಸಾಲು ನಿಲ್ಲಬೇಕಾಯಿತೆಂದರೆ ಕೆಳಗಿನ ಕಚೇರಿ ಸೋತಿದೆ ಎಂದೇ ಅರ್ಥ. ಒಬ್ಬ ವ್ಯಕ್ತಿಯ ಸಹನೆಯ ಮೇಲೆ ನಿಂತ ವ್ಯವಸ್ಥೆ ಆ ವ್ಯಕ್ತಿ ಎದ್ದುಹೋದ ದಿನ ನಿಲ್ಲುತ್ತದೆ. ಆದರೆ ಮುದುಕಿಯ ಕಡೆಯಿಂದಲೂ ನೋಡಬೇಕು. ವರ್ಷಗಟ್ಟಲೆ ಕಡತದಲ್ಲಿ ಮಲಗಿದ್ದ ಅವಳ ಅರ್ಜಿಯನ್ನು ಒಬ್ಬರು ಕಣ್ಣಾರೆ ಓದಿದರು, ಹೆಸರು ಹಿಡಿದು ಕರೆದರು. ಬಂದ ಅರ್ಜಿಗಳಿಂದ ಯಾವ ನಿಯಮ ಬಡವರಿಗೆ ಮುಳ್ಳಾಗಿದೆಯೆಂದು ಸರ್ಕಾರಕ್ಕೂ ತಿಳಿಯಿತು, ಹಲವು ನಿಯಮಗಳು ಸಡಿಲಗೊಂಡವು.

ಆರೋಪಗಳು, ವಿಚಾರಣೆಗಳು

ಎಲ್ಲರಿಗೂ ತೆರೆದ ಬಾಗಿಲು ಅವರ ಹೆಚ್ಚುಗಾರಿಕೆಯಾಗಿತ್ತು. ಅದೇ ಬಾಗಿಲಿನಿಂದ ಸಂಕಟವೂ ಬಂತು. 2013ರ ಜೂನ್‌ನಲ್ಲಿ ಸೌರ ವಿದ್ಯುತ್ ಹೆಸರಿನ ವಂಚನೆ ಬಯಲಾದಾಗ ಆರೋಪಿಗಳು ಮುಖ್ಯಮಂತ್ರಿಯ ಸಿಬ್ಬಂದಿಯೊಡನೆ ಫೋನಿನಲ್ಲಿ ಸತತ ಸಂಪರ್ಕದಲ್ಲಿದ್ದದ್ದು ಹೊರಬಿತ್ತು. ವಿಶ್ವಸಂಸ್ಥೆಯ ಪ್ರಶಸ್ತಿ ಮತ್ತು ಈ ಹಗರಣ ಬಂದದ್ದು ಒಂದೇ ತಿಂಗಳಲ್ಲಿ. ರಾಜೀನಾಮೆ ಕೇಳಿ ಆ ಆಗಸ್ಟ್‌ನಲ್ಲಿ ಎಡರಂಗ ಸಚಿವಾಲಯಕ್ಕೆ ಮುತ್ತಿಗೆ ಹಾಕಿತು, ಸರ್ಕಾರ ನ್ಯಾಯಾಂಗ ತನಿಖೆ ಘೋಷಿಸಿದ ಮೇಲೆ ಹಿಂತೆಗೆದುಕೊಂಡಿತು. ನ್ಯಾಯಮೂರ್ತಿ ಜಿ. ಶಿವರಾಜನ್ ಆಯೋಗದ ಮುಂದೆ ಚಾಂಡಿ ಮುಖ್ಯಮಂತ್ರಿಯಾಗಿದ್ದಾಗಲೇ ಹಾಜರಾಗಿ ಗಂಟೆಗಟ್ಟಲೆ ಸಾಕ್ಷ್ಯ ಹೇಳಿದರು. 2017ರಲ್ಲಿ ಮಂಡನೆಯಾದ ಆಯೋಗದ ವರದಿ ಅವರನ್ನು ದೂಷಿಸಿತು. ಅದರಲ್ಲಿ ಆರೋಪಿಗಳಲ್ಲಿ ಒಬ್ಬಾಕೆಯ ಪತ್ರವನ್ನು ಆಧರಿಸಿದ ಭಾಗಗಳನ್ನು ಹೈಕೋರ್ಟ್ ಮರುವರ್ಷ ತೆಗೆದುಹಾಕಿತು. ಆಕೆ ಚಾಂಡಿಯವರ ಮೇಲೆ ಹೊರಿಸಿದ್ದ ಲೈಂಗಿಕ ಶೋಷಣೆಯ ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 2022ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಇದೇ ನಂಟಿನ ಒಂದು ಹಣದ ದಾವೆಯಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ 2016ರಲ್ಲಿ ಅವರ ವಿರುದ್ಧ ತೀರ್ಪಿತ್ತು, 2017ರಲ್ಲಿ ಅವರನ್ನು ಹೊಣೆಯಿಂದ ಬಿಡುಗಡೆ ಮಾಡಿತು.

ಬಾರ್ ಪರವಾನಗಿಗಳ ವಿವಾದ ಇನ್ನೊಂದು. ಪಂಚತಾರಾ ಹೋಟೆಲುಗಳನ್ನುಳಿದು ಬೇರೆ ಬಾರ್‌ಗಳನ್ನು ಮುಚ್ಚುವ ನೀತಿಯನ್ನು ಸರ್ಕಾರ 2014ರಲ್ಲಿ ತಂದಿತು, ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಈ ನಡುವೆ ಬಾರ್ ಮಾಲೀಕರಿಂದ ಲಂಚ ಪಡೆದರೆಂಬ ಆರೋಪದಲ್ಲಿ ಹಣಕಾಸು ಸಚಿವ ಮಾಣಿ 2015ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಈ ಎಲ್ಲದರ ಭಾರ ಹೊತ್ತು 2016ರ ಚುನಾವಣೆಗೆ ಹೋದ ಯುಡಿಎಫ್ 47 ಸ್ಥಾನಕ್ಕೆ ಕುಸಿಯಿತು.

ಸೌರ ಹಗರಣದ ಗದ್ದಲದ ನಡುವೆ, 2013ರ ಅಕ್ಟೋಬರ್ 27ರಂದು ಕಣ್ಣೂರಿನಲ್ಲಿ ಪ್ರತಿಭಟನಕಾರರು ಎಸೆದ ಕಲ್ಲು ಕಾರಿನ ಗಾಜು ಒಡೆದು ಚಾಂಡಿಯವರ ಹಣೆಗೂ ಎದೆಗೂ ಬಡಿಯಿತು. ರಕ್ತದ ಕಲೆಯಿದ್ದ ಅಂಗಿಯಲ್ಲೇ ಸಭೆ ಮುಗಿಸಿ ಆಸ್ಪತ್ರೆಗೆ ಹೋದರು. ಪ್ರತೀಕಾರಕ್ಕೆ ಇಳಿಯಬಾರದೆಂದು ತಮ್ಮವರನ್ನು ತಡೆದರು. ಈ ಪ್ರಕರಣದ 113 ಆರೋಪಿಗಳ ಪೈಕಿ ಮೂವರಿಗೆ 2023ರ ಮಾರ್ಚ್‌ನಲ್ಲಿ ಶಿಕ್ಷೆಯಾಯಿತು.

ಕೊನೆಯ ವರ್ಷಗಳು ಮತ್ತು ದಾಖಲೆ

ಸೋಲಿನ ಹೊಣೆ ಹೊತ್ತು 2016ರಲ್ಲಿ ವಿರೋಧ ಪಕ್ಷದ ನಾಯಕ ಸ್ಥಾನ ಬೇಡವೆಂದರು. ರಮೇಶ್ ಚೆನ್ನಿತ್ತಲ ಆ ಸ್ಥಾನಕ್ಕೆ ಬಂದರು. 2018ರಲ್ಲಿ ಎಐಸಿಸಿ ಪ್ರಧಾನ ಕಾರ್ಯದರ್ಶಿಯಾಗಿ ಆಂಧ್ರಪ್ರದೇಶದ ಉಸ್ತುವಾರಿ ಹೊತ್ತರು. 2020ರ ಸೆಪ್ಟೆಂಬರ್‌ನಲ್ಲಿ ಶಾಸಕತ್ವದ ಐವತ್ತು ವರ್ಷ ತುಂಬಿತು. 2022ರ ಆಗಸ್ಟ್ 2ರಂದು ಶಾಸಕರಾಗಿ 18,728 ದಿನ ಪೂರೈಸಿ, ಕೆ.ಎಂ. ಮಾಣಿಯವರ ಹೆಸರಿನಲ್ಲಿದ್ದ ದಾಖಲೆಯನ್ನು ದಾಟಿದರು. ಮಾಣಿ ಅದೇ ಕೋಟ್ಟಯಂ ಜಿಲ್ಲೆಯ ಪಾಲಾ ಕ್ಷೇತ್ರವನ್ನು ಸಾಯುವವರೆಗೂ ಪ್ರತಿನಿಧಿಸಿದವರು.

ಭಾರತದ ವಿಧಾನಸಭೆಗಳಲ್ಲಿ ಇಂಥ ದೀರ್ಘ ಬಾಳು ಅಪರೂಪ. ತಮಿಳುನಾಡಿನ ಎಂ. ಕರುಣಾನಿಧಿ 13 ಬಾರಿ ಸೋಲರಿಯದೆ ಗೆದ್ದರು, ಆದರೆ ಹಲವು ಕ್ಷೇತ್ರಗಳಿಂದ. ಮಹಾರಾಷ್ಟ್ರದ ಗಣಪತರಾವ್ ದೇಶಮುಖ್ ಸಾಂಗೋಲದಿಂದ 11 ಬಾರಿ ಗೆದ್ದರು, ನಡುವೆ ಸೋಲನ್ನೂ ಕಂಡರು. ಕರ್ನಾಟಕದಲ್ಲಿ ಮಲ್ಲಿಕಾರ್ಜುನ ಖರ್ಗೆ ಗುರುಮಠಕಲ್‌ನಿಂದ 8 ಬಾರಿ, ಚಿತ್ತಾಪುರದಿಂದ ಒಮ್ಮೆ, ಹೀಗೆ ಸತತ 9 ಬಾರಿ ವಿಧಾನಸಭೆಗೆ ಬಂದವರು.

ಗಂಟಲಿನ ಕಾಯಿಲೆ ಚಾಂಡಿಯವರ ದನಿಯನ್ನು ಮೆಲ್ಲಮೆಲ್ಲನೆ ಕಸಿದುಕೊಂಡಿತು. ಕೊನೆಯ ವರ್ಷಗಳಲ್ಲಿ ಅವರ ಮಾತು ಪಿಸುಮಾತಾಗಿತ್ತು. ಜರ್ಮನಿಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆಯಿತು. 2023ರ ಜುಲೈ 18ರ ನಸುಕಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ಕರ್ನಾಟಕದ ಮಾಜಿ ಸಚಿವ ಟಿ. ಜಾನ್ ಅವರ ಮನೆಯಲ್ಲಿ ಇರಿಸಲಾಯಿತು. ವಿರೋಧ ಪಕ್ಷಗಳ ಸಭೆಗೆಂದು ನಗರಕ್ಕೆ ಬಂದಿದ್ದ ಸೋನಿಯಾ ಗಾಂಧಿ, ರಾಹುಲ್ ಗಾಂಧಿ, ಖರ್ಗೆ, ಮುಖ್ಯಮಂತ್ರಿ ಸಿದ್ದರಾಮಯ್ಯ ಅಲ್ಲಿಯೇ ಅಂತಿಮ ನಮನ ಸಲ್ಲಿಸಿದರು.

ಸರ್ಕಾರಿ ಗೌರವ ಬೇಡವೆಂಬುದು ಅವರ ಇಚ್ಛೆಯಾಗಿತ್ತು, ಮನೆಯವರು ಅದನ್ನು ನಡೆಸಿದರು. ಜುಲೈ 19ರ ಬೆಳಗ್ಗೆ ತಿರುವನಂತಪುರದಿಂದ ಸರ್ಕಾರಿ ಸಾರಿಗೆಯ ಬಸ್ಸಿನಲ್ಲಿ ಹೊರಟ ಶವಯಾತ್ರೆ ಸುಮಾರು 150 ಕಿಲೋಮೀಟರ್ ದೂರದ ಕೋಟ್ಟಯಂ ತಲುಪಲು 28 ಗಂಟೆ ಹಿಡಿಯಿತು. ಎಂ.ಸಿ. ರಸ್ತೆಯ ಎರಡೂ ಬದಿ, ಮಳೆಯಲ್ಲೂ ರಾತ್ರಿಯಲ್ಲೂ, ಜನ ನಿಂತಿದ್ದರು. ಸಿಪಿಎಂಗೆ ಮತ ಹಾಕುವವರೂ ಅವರಲ್ಲಿದ್ದರು. ಪುದುಪ್ಪಳ್ಳಿಯ ಸೇಂಟ್ ಜಾರ್ಜ್ ಚರ್ಚಿನ ಅಂಗಳದಲ್ಲಿ ಪಾದ್ರಿಗಳ ಸಮಾಧಿಗಳ ಬಳಿ ಅವರನ್ನು ಮಣ್ಣು ಮಾಡಲಾಯಿತು. ಆತ್ಮಕಥೆ 'ಕಾಲಂ ಸಾಕ್ಷಿ' ಅದೇ ವರ್ಷ ಪ್ರಕಟವಾಯಿತು.

ಮೌಲ್ಯಮಾಪನ

ಉಮ್ಮನ್ ಚಾಂಡಿ ದೊಡ್ಡ ಭಾಷಣಕಾರರಲ್ಲ, ಸಿದ್ಧಾಂತ ಕಟ್ಟಿದವರೂ ಅಲ್ಲ. ಬಣ ರಾಜಕಾರಣದ ಪಟ್ಟುಗಳನ್ನು ಚೆನ್ನಾಗಿ ಬಲ್ಲವರು, ಅವನ್ನು ಬಳಸಲು ಹಿಂಜರಿಯದವರು. ಸುತ್ತಲಿನ ಕೆಲವರನ್ನು ಅತಿಯಾಗಿ ನಂಬಿ ತಮಗೂ ಸರ್ಕಾರಕ್ಕೂ ಕೆಟ್ಟ ಹೆಸರು ತಂದುಕೊಂಡರು. ಜನರಿಗೂ ಕಚೇರಿಗೂ ನಡುವಿನ ಗೋಡೆಯನ್ನು ತಾವೇ ದಾಟಿ ಹೋಗುತ್ತಿದ್ದರು, ಗೋಡೆಯನ್ನು ಕೆಡವುವ ಕೆಲಸ ಅರ್ಧಕ್ಕೇ ನಿಂತಿತು.

ಆದರೂ ಶಾಸಕ ಎಂಬ ಪದಕ್ಕೆ ಅವರು ಕೊಟ್ಟ ಅರ್ಥ ದೊಡ್ಡದು. ಶಾಸನ ಮಾಡುವವನು ಎಂಬುದು ಅದರ ನಿಘಂಟಿನ ಅರ್ಥ. ಕಷ್ಟದಲ್ಲಿರುವವನು ಅಪಾಯಿಂಟ್‌ಮೆಂಟ್ ಇಲ್ಲದೆ ಬಂದು ಮಾತಾಡಬಹುದಾದ ಮನುಷ್ಯ ಎಂಬುದು ಪುದುಪ್ಪಳ್ಳಿ ಕಲಿತ ಅರ್ಥ. ಚುನಾವಣೆ ಕಳೆದ ಮೇಲೆ ಕ್ಷೇತ್ರಕ್ಕೆ ಮುಖ ತೋರಿಸದ ಶಾಸಕರನ್ನು ಕಂಡು ಬೇಸತ್ತ ಎಲ್ಲ ರಾಜ್ಯಗಳ ಮತದಾರರಿಗೂ ಈ ಬಾಳು ಒಂದು ಅಳತೆಗೋಲು. ಅವರ ಮರಣದಿಂದ ತೆರವಾದ ಸ್ಥಾನಕ್ಕೆ 2023ರ ಸೆಪ್ಟೆಂಬರ್ 5ರಂದು ಉಪಚುನಾವಣೆ ನಡೆಯಿತು. ಮಗ ಚಾಂಡಿ ಉಮ್ಮನ್ 37,719 ಮತಗಳ ಅಂತರದಿಂದ ಗೆದ್ದರು. ತಂದೆ ಎದುರಿಸಿದ ಹನ್ನೆರಡು ಚುನಾವಣೆಗಳಲ್ಲಿ ಒಮ್ಮೆಯೂ ಅಷ್ಟು ದೊಡ್ಡ ಅಂತರ ಬಂದಿರಲಿಲ್ಲ.